ಸುಂದರನ ಬಾಯಾರಿಕೆ

ರಾಜೀವಿಗೆ ಮೊದಲು ಬಂದದ್ದು ಬಾಯಾರಿಕೆ.

ಬೆಂಗ್ರೆಯವರಿಗೆ ಬಾಯಾರಿಕೆ ಹೊಸದಲ್ಲ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ನದಿ, ನಡುವೆ ಒಂದು ಪಟ್ಟಿ ಮರಳು. ಆ ಮರಳಿನಲ್ಲಿ ತೋಡಿದ ಬಾವಿಯ ನೀರು ಬೇಸಗೆಯಲ್ಲಿ ನಾಲಗೆಗೆ ಉಪ್ಪು ತಾಗಿಸಿಯೇ ಗಂಟಲಿಗೆ ಇಳಿಯುತ್ತಿತ್ತು. ಆದರೆ ರಾಜೀವಿಯ ಬಾಯಾರಿಕೆ ಬೇಸಗೆಯದ್ದಲ್ಲ. ಎಂಬತ್ತೊಂದನೇ ಇಸವಿಯ ಮಳೆ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ದಿನಗಳಲ್ಲಿ, ಗಾಳಿ ಇನ್ನೂ ತಣ್ಣಗಿರುವಾಗಲೇ, ಅವಳು ಚೆಂಬುಗಟ್ಟಲೆ ನೀರು ಕುಡಿಯತೊಡಗಿದಳು.

ಅವಳು ಮೀನು ಮಾರುವ ಹೆಂಗಸು. ವಯಸ್ಸು ನಲವತ್ತರ ಹತ್ತಿರ. ದಿನಾ ಬೆಳಗ್ಗೆ ಕಡವಿನ ದೋಣಿಯಲ್ಲಿ ನದಿ ದಾಟಿ, ದಕ್ಕೆಯಲ್ಲಿ ಬೋಟಿನಿಂದ ಇಳಿದ ಬಂಗುಡೆ, ಬೂತಾಯಿಗಳನ್ನು ಏಲಂನಲ್ಲಿ ಹಿಡಿದು, ತುಂಬಿದ ಬುಟ್ಟಿಯನ್ನು ತಲೆಗೇರಿಸಿ ಪೇಟೆಯ ಮಾರುಕಟ್ಟೆಗೆ ನಡೆದಳೆಂದರೆ ಜೊತೆಗಿದ್ದವರು ಹಿಂದೆ ಓಡಬೇಕಾಗುತ್ತಿತ್ತು. ಅಂಥ ಕಾಲು. ಸ್ವರವೂ ಹಾಗೆಯೇ. ಅವಳು ಮಾರುಕಟ್ಟೆಯ ಈ ತುದಿಯಲ್ಲಿ ಗಿರಾಕಿಯನ್ನು ಕರೆದರೆ ಆ ತುದಿಯ ಬೆಕ್ಕುಗಳು ಎದ್ದು ನಿಲ್ಲುತ್ತವೆ ಎಂದು ಬೀಫಾತಿಮ್ಮ ತಮಾಷೆ ಮಾಡುತ್ತಿದ್ದಳು. ಬೀಫಾತಿಮ್ಮ ಪಕ್ಕದಲ್ಲೇ ಒಣಮೀನು ಹರಡಿಕೊಂಡು ಕೂರುವವಳು, ಬೆಂಗ್ರೆಯವಳೇ. ಎಷ್ಟೋ ವರ್ಷಗಳಿಂದ ಇಬ್ಬರೂ ಒಂದೇ ದೋಣಿಯಲ್ಲಿ ಹೋಗಿ ಬರುತ್ತಿದ್ದರು.

“ಎಂತ ಮಾರಾಯ್ತಿ, ಹೊಳೆ ಬತ್ತಿಸುವ ಅಂದಾಜುಂಟಾ ನಿನಗೆ?” ರಾಜೀವಿ ಮೂರನೇ ಸಲ ನೀರಿನ ಬಾಟಲಿ ಎತ್ತಿದಾಗ ಅವಳು ನಕ್ಕಳು.

ರಾಜೀವಿಯೂ ನಕ್ಕಳು. ಆದರೆ ಕುಡಿದ ನೀರು ಒಳಗೆ ನಿಲ್ಲುತ್ತಿರಲಿಲ್ಲ. ಕುಡಿದಷ್ಟೂ ಹೊರಗೆ ಹೋಗಬೇಕು ಎನ್ನುವುದು ದೊಡ್ಡ ಪೀಡೆಯಾಯಿತು. ಮಾರುಕಟ್ಟೆಯಲ್ಲಿ ಹೆಂಗಸರಿಗೆಂದು ಒಂದು ಮರೆ ಇರಲಿಲ್ಲ. ಹೆಂಚಿನ ಕಾರ್ಖಾನೆಯ ಹಿಂಬದಿಯ ಗೋಡೆಯವರೆಗೆ ಹೋಗಬೇಕು, ಅಲ್ಲಿ ಲಾರಿಯವರು ಇಲ್ಲದ ಹೊತ್ತು ನೋಡಬೇಕು. ದಿನಕ್ಕೆ ಒಮ್ಮೆ ಹೋಗುತ್ತಿದ್ದವಳು ಗಳಿಗೆಗೊಮ್ಮೆ ಹೋಗಬೇಕಾಗಿ ಬಂದಾಗ, ಆ ಕಾಟ ತಪ್ಪಿಸಲು ನೀರು ಕುಡಿಯುವುದನ್ನೇ ಬಿಟ್ಟು ನೋಡಿದಳು. ಮಧ್ಯಾಹ್ನದ ಹೊತ್ತಿಗೆ ನಾಲಗೆ ಅಂಗುಳಿಗೆ ಅಂಟಿಕೊಂಡಿತು. ಗಿರಾಕಿಯನ್ನು ಕರೆಯಲು ಬಾಯಿ ತೆರೆದರೆ ಸ್ವರ ಬರಲಿಲ್ಲ. ಕುಡಿದರೂ ಕಷ್ಟ, ಬಿಟ್ಟರೂ ಕಷ್ಟ.

ಮಳೆಯಿಂದ ಮಳೆಗೆ ಒಂದೊಂದೇ ಸೇರಿಕೊಂಡಿತು. ಹಸಿವು ಸತ್ತಿತು. ವಾರವಾದರೂ ಹೊಟ್ಟೆ ಕಟ್ಟಿಕೊಂಡೇ ಇರುತ್ತಿತ್ತು. ಮೂಳೆಗಳ ಒಳಗೆ ಒಂದು ನೋವು. ಚರ್ಮ ಒತ್ತಿದರೆ ಸಿಗುವುದಲ್ಲ, ಆಳದಲ್ಲಿ ಎಲ್ಲೋ ಕೂತು ಕೊರೆಯುವಂಥದ್ದು. ತೊಡೆ ಸೋತುಹೋಗಿ, ಕೂತಲ್ಲಿಂದ ಏಳಬೇಕಾದರೆ ಮೊಣಕಾಲಿಗೆ ಕೈ ಊರಬೇಕಾಯಿತು. ಪೇಟೆಯ ಒಂದು ಓಣಿಯಲ್ಲಿದ್ದ ಡಾಕ್ಟರರು ಮೂತ್ರ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಇಲ್ಲ, ಭಾರ ಹೊತ್ತು ಹೊತ್ತು ಎಲುಬು ಸವೆದಿದೆ ಎಂದರು. ಎಲುಬಿಗೆ ಬಲ ಬರಲೆಂದು ಸುಣ್ಣದಂಶದ ಮಾತ್ರೆ ಕೊಟ್ಟರು, ವಾರಕ್ಕೊಂದು ಶಕ್ತಿಯ ಇಂಜೆಕ್ಷನ್ ಹಾಕಿದರು. ರಾಜೀವಿ ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ನುಂಗಿದಷ್ಟೂ ಸೊರಗಿದಳು.

ಅವಳು ನಿಜವಾಗಿ ಹೆದರಿದ್ದು ಒಂದು ಶನಿವಾರ. ಎದುರು ನಿಂತ ಗಿರಾಕಿ “ಇದೆಂತ ಮೀನು?” ಎಂದು ಕೇಳಿದರು. ಮೀನು ಅವಳ ಕೈಯಲ್ಲೇ ಇತ್ತು. ಬೆನ್ನಿನ ಪಟ್ಟೆ, ಬಾಲದ ಹತ್ತಿರದ ಮುಳ್ಳು, ಎಲ್ಲವೂ ಗೊತ್ತು. ಹೆಸರು ಮಾತ್ರ ಬರಲಿಲ್ಲ. ಹುಟ್ಟಿದಾಗಿನಿಂದ ಅನ್ನದ ಜೊತೆ ತಿಂದ ಮೀನಿನ ಹೆಸರು. ಅವಳು ಬಾಯಿ ತೆರೆದು ನಿಂತೇ ಇದ್ದಳು. ಬೀಫಾತಿಮ್ಮ ಪಕ್ಕದಿಂದ “ಬಂಗುಡೆ, ಬಂಗುಡೆ” ಎಂದಳು. ಆ ಸಂಜೆ ದೋಣಿ ಹತ್ತುವಾಗ ಕಾಲು ಸೋತು ರಾಜೀವಿ ಬುಟ್ಟಿ ಸಮೇತ ಕೆಸರಿಗೆ ಬಿದ್ದಳು. ಮರುದಿನದಿಂದ ಮಾರುಕಟ್ಟೆಗೆ ಹೋಗಲಿಲ್ಲ.

ಮನೆಯಲ್ಲಿ ಇದ್ದವರು ಮೂವರೇ. ರಾಜೀವಿ, ಅವಳ ಗಂಡ ಕಿಟ್ಟು, ಅವಳ ತಾಯಿ ಅಪ್ಪಿ. ಮನೆ ಅಪ್ಪಿಯದ್ದು, ಆ ಕಡೆಯ ಪದ್ಧತಿಯಂತೆ ತಾಯಿಯಿಂದ ಮಗಳಿಗೆ ಬರುವ ಮನೆ. ಕಿಟ್ಟು ದೊಡ್ಡ ಬಲೆ ಬೀಸುವ ಪರ್ಸಿನ್ ಬೋಟಿನಲ್ಲಿ ದುಡಿಯುತ್ತಿದ್ದ, ಮಾತು ಕಡಿಮೆ. ನಾಲ್ಕನೆಯವನೊಬ್ಬನಿದ್ದ: ರಾಜೀವಿಯ ಅಣ್ಣ ಸುಂದರ. ಐದು ವರ್ಷದ ಹಿಂದೆ ಅಳಿವೆ ಬಾಗಿಲಲ್ಲಿ, ನದಿ ಕಡಲಿಗೆ ಸೇರುವ ಆ ಕೆಟ್ಟ ಜಾಗದಲ್ಲಿ, ದೋಣಿ ಮಗುಚಿ ಹೋಗಿದ್ದ. ಅದೇ ದೋಣಿಯಲ್ಲಿ ಕಿಟ್ಟುವೂ ಇದ್ದ. ಭಾವನ ಕೈ ಹಿಡಿದಿದ್ದೆ, ಅಲೆ ಬಂತು, ಕೈ ಖಾಲಿಯಾಯಿತು ಎಂದಷ್ಟೇ ಅವನು ಹೇಳಿದ್ದು. ಹೆಣ ಸಿಗಲಿಲ್ಲ. ಅಪ್ಪಿ ಅಳಿಯನಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಅವನಿಗೆ ಅನ್ನ ಬಡಿಸುವಾಗ ಮುಖ ನೋಡುವುದನ್ನು ಮಾತ್ರ ಬಿಟ್ಟಳು.

ಮಗಳು ಕೆಲಸ ಬಿಟ್ಟು ಚಾಪೆ ಹಿಡಿದಾಗ ಅಪ್ಪಿ ಕವಡೆ ಹಾಕಿ ನೋಡುವವರೊಬ್ಬರನ್ನು ಕರೆಸಿದಳು. ಅವರು ಅಂಗಳದಲ್ಲಿ ಮಣೆ ಹಾಕಿ ಕೂತು, ಕವಡೆ ಸರಿಸಿ, “ಮನೆಯಲ್ಲಿ ನೀರಿಗೆ ಹೋದವರು ಉಂಟಾ?” ಎಂದು ಕೇಳಿದರು. ಬೆಂಗ್ರೆಯಲ್ಲಿ ಯಾವ ಮನೆಯಲ್ಲಿ ಇಲ್ಲ?

“ಉಂಟು,” ಎಂದಳು ಅಪ್ಪಿ. “ನನ್ನ ಮಗ.”

“ಹಾಗಾದ್ರೆ ಇದು ಅವನ ಬಾಯಾರಿಕೆ. ಉಪ್ಪು ನೀರು ಕುಡಿದು ಸತ್ತವ. ತಂಗಿಯ ಬಾಯಿಂದ ಸಿಹಿನೀರು ಕೇಳ್ತಾ ಇದ್ದಾನೆ. ಅವ ತನ್ನ ಹೆಸರು ಹೇಳ್ಬೇಕು. ಹೇಳುವವರೆಗೆ ನೀರು ಕೊಡಬೇಡಿ.”

ರಾಜೀವಿ ಒಳಕೋಣೆಯಲ್ಲಿ ಮಲಗಿ ಇದನ್ನೆಲ್ಲ ಕೇಳುತ್ತಿದ್ದಳು. ಮಾತುಗಳು ಮಂಜಿನೊಳಗಿಂದ ಬಂದ ಹಾಗೆ ಬರುತ್ತಿದ್ದವು. ‘ಕೊಡಬೇಡಿ’ ಎನ್ನುವುದು ಮಾತ್ರ ನೆಟ್ಟಗೆ ಬಂದು ನಾಟಿತು.

ಆ ಬೆಳಗ್ಗೆಯಿಂದಲೇ ನೀರು ಕೊಡಲಿಲ್ಲ. ಅಪ್ಪಿ ಬಾಗಿಲಿಗೆ ಅಡ್ಡ ಕೂತು ಕೊಡಪಾನವನ್ನು ತನ್ನ ಮಡಿಲ ಹತ್ತಿರ ಇಟ್ಟುಕೊಂಡಿದ್ದಳು. ಅವಳು ಕ್ರೂರಿಯಲ್ಲ. ಮಗಳು ನರಳಿದಾಗಲೆಲ್ಲ ತಾನೂ ಅಳುತ್ತಿದ್ದಳು. ಬಿಸಿಲು ಇಳಿಯುವ ಹೊತ್ತಿಗೆ ರಾಜೀವಿಯ ತುಟಿ ಒಡೆದಿತ್ತು, ಕಣ್ಣಿಗೆ ಕತ್ತಲೆ ಬರುತ್ತಿತ್ತು. ಕಿಟಿಕಿಯಲ್ಲಿ ನದಿ ಹೊಳೆಯುತ್ತಿತ್ತು.

“ಯಾರು ನೀನು? ಹೆಸರು ಹೇಳು,” ಎಂದು ಕವಡೆಯವರು ಕೇಳಿದರು.

“ರಾಜೀವಿ,” ಎಂದಳು.

“ಅಲ್ಲ. ಒಳಗಿರುವುದು ಯಾರು?”

“ನೀರು ಕೊಡಿ.”

“ಹೆಸರು ಹೇಳು, ಕೊಡ್ತೇವೆ.”

ಅವರಿಗೆ ಬೇಕಾದ ಹೆಸರು ಯಾವುದೆಂದು ಅವಳಿಗೆ ಗೊತ್ತಿತ್ತು. ಅದು ನಾಲಗೆಯ ಮೇಲೆ ತಾನಾಗಿ ಬಂದು ಕೂತಿತ್ತು. ಬಂಗುಡೆಯ ಹೆಸರಿನ ಹಾಗೆ ತಪ್ಪಿಸಿಕೊಳ್ಳಲೂ ಇಲ್ಲ. ಒಣಗಿದ ಗಂಟಲಿನಿಂದ, ತನ್ನದಲ್ಲದ ಒರಟು ಸ್ವರದಲ್ಲಿ ಅವಳು ಹೇಳಿದಳು: “ಸುಂದರ.”

ಅಪ್ಪಿಯ ಬಾಯಿಂದ ಬಂದ ಶಬ್ದವನ್ನು ರಾಜೀವಿ ಮತ್ತೆಂದೂ ಮರೆಯಲಿಲ್ಲ. ತಾಯಿ ಹಾರಿ ಬಂದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು, ಚೆಂಬನ್ನು ಬಾಯಿಗೆ ಹಿಡಿದಳು. “ಕುಡಿ ಮಗಾ, ಕುಡಿ. ಎಷ್ಟು ವರ್ಷ ಆಸರಿನಲ್ಲಿ, ಬಾಯಾರಿಕೆಯಲ್ಲಿ ಇದ್ದೆ ನೀನು.” ರಾಜೀವಿ ಕುಡಿದಳು. ಕುಡಿಯುತ್ತಲೇ ಇದ್ದಳು. ಆಗ ಅವಳಿಗೆ ಬೇರೆ ಏನೂ ಬೇಕಿರಲಿಲ್ಲ.

ಬಾಗಿಲಲ್ಲಿ ಕಿಟ್ಟು ನಿಂತಿದ್ದ. ಅಪ್ಪಿ ಚೆಂಬು ಕೆಳಗಿಟ್ಟು, ಅವನತ್ತ ತಿರುಗದೆಯೇ ಕೇಳಿದಳು: “ಮಗಾ, ಆವತ್ತು ಇವ ನಿನ್ನ ಕೈ ಬಿಟ್ಟನಾ?”

ಮಂಜಿನ ನಡುವೆ ಒಂದು ಸಣ್ಣ ಜಾಗ ತಿಳಿಯಾಯಿತು. ತನ್ನ ಬಾಯಿಂದ ಬರುವ ಒಂದು ಮಾತು ಈ ಮನುಷ್ಯನನ್ನು ಮನೆಯಿಂದ ಹೊರಗೆ ಹಾಕಬಹುದು ಎಂಬುದು ರಾಜೀವಿಗೆ ಹೊಳೆಯಿತು. ಕಿಟ್ಟುವಿನ ಕಣ್ಣುಗಳು ಅವಳ ತುಟಿಯ ಮೇಲೆಯೇ ಇದ್ದವು.

“ಇಲ್ಲ,” ಎಂದಳು ಅದೇ ಒರಟು ಸ್ವರದಲ್ಲಿ. “ಅವ ಬಿಡಲಿಲ್ಲ. ಕಡಲು ಎಳೆಯಿತು.”

ಕಿಟ್ಟು ಹೊಸ್ತಿಲಲ್ಲೇ ಕುಸಿದು ಕೂತು ಹೆಂಗಸರ ಹಾಗೆ ಅತ್ತ. ಅಪ್ಪಿ ಐದು ವರ್ಷಗಳಲ್ಲಿ ಮೊದಲ ಸಲ ಅಳಿಯನ ಮುಖ ನೋಡಿದಳು.

ರಾಜೀವಿಯ ಪಾಲಿಗೆ ಬಾಗಿಲು ಹಾಕಿಕೊಂಡದ್ದು ಹಾಗೆ. ಹೊರಗಿನಿಂದ ಯಾರೂ ಚಿಲಕ ಹಾಕಲಿಲ್ಲ.

ಮರುದಿನ ರಾಜೀವಿ “ಅಮ್ಮಾ, ನಾನು” ಎಂದು ಶುರು ಮಾಡಿದರೆ ಅಪ್ಪಿ “ಈಗ ನೀನು ಸುಮ್ಮನಿರು ರಾಜೀ, ಅವ ಬರುವ ಹೊತ್ತಾಯಿತು” ಎಂದಳು. ಅವನು ಬರುವ ಹೊತ್ತೆಂದರೆ ದೀಪ ಹಚ್ಚುವ ಹೊತ್ತು. ಅಪ್ಪಿ ಮಿಂದು, ಒಗೆದ ಸೀರೆ ಉಟ್ಟು, ಸಿಯಾಳ ಕೆತ್ತಿಸಿ ತಂದು ಚಾಪೆಯ ಬಳಿ ಕೂರುತ್ತಿದ್ದಳು. ಊರಿನ ಸುದ್ದಿ ಹೇಳುತ್ತಿದ್ದಳು. ಯಾರ ಬೋಟಿಗೆ ಎಷ್ಟು ಮೀನು ಬಿತ್ತು, ಯಾರ ಮದುವೆ ಎಲ್ಲಿಗೆ ಆಯಿತು. “ಅಲ್ಲಿ ಚಳಿಯುಂಟಾ ಮಗಾ?” ಎಂದು ಕೇಳುತ್ತಿದ್ದಳು. ರಾಜೀವಿ ಹೂಂ ಎಂದರೂ ಆಯಿತು, ನರಳಿದರೂ ಆಯಿತು. ಯಾವುದಕ್ಕೂ ಅಪ್ಪಿ ಅರ್ಥ ಕಂಡುಕೊಳ್ಳುತ್ತಿದ್ದಳು. ತಾಯಿಯ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ರಾಜೀವಿ ಬಹಳ ಕಾಲದಿಂದ ಕಂಡಿರಲಿಲ್ಲ. ಆ ನೆಮ್ಮದಿಯೇ ಅವಳ ಉಸಿರು ಕಟ್ಟಿಸುತ್ತಿತ್ತು.

ಕಿಟ್ಟು ಡಾಕ್ಟರ ಮಾತೆತ್ತುವುದನ್ನು ಬಿಟ್ಟ. ಹೆಂಡತಿಯ ಹತ್ತಿರ ಬಂದರೆ ಮುಟ್ಟಲು ಹಿಂಜರಿಯುತ್ತಿದ್ದ. ಒಮ್ಮೆ ಅವಳು “ಇಕೊಳ್ಳಿ, ನನ್ನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗಿ, ಮೂಳೆಯೆಲ್ಲ ಹಿಂಡ್ತದೆ” ಎಂದಳು. ಅವನು ತಲೆ ತಗ್ಗಿಸಿ, “ಭಾವನಿಗೆ ಸಮಾಧಾನ ಆಗ್ಲಿ. ಆಮೇಲೆ ಎಲ್ಲ ಸರಿ ಆಗ್ತದೆ” ಎಂದ. ಭಾವ ಕ್ಷಮಿಸಿದ್ದಾನೆಂಬುದನ್ನು ಅವನು ಬಿಟ್ಟುಕೊಡಲಾರ. ಅದು ಸುಳ್ಳೆಂದು ಹೇಳಲು ರಾಜೀವಿಗೂ ಬಾಯಿ ಬರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಮಂಜು ದಟ್ಟವಾದ ದಿನಗಳಲ್ಲಿ ಅವಳಿಗೇ ಖಾತ್ರಿ ಇರುತ್ತಿರಲಿಲ್ಲ. ಎಷ್ಟೋ ಹೊತ್ತು ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದರಲ್ಲಿ ಬಿದ್ದಿರುತ್ತಿದ್ದಳು. ಎದ್ದಾಗ ಅಪ್ಪಿ ಕಣ್ಣೊರೆಸಿಕೊಳ್ಳುತ್ತಾ, “ಇವತ್ತು ಎಷ್ಟು ಮಾತಾಡಿದ!” ಎನ್ನುತ್ತಿದ್ದಳು. ಏನು ಮಾತಾಡಿದೆ? ನೆನಪಿಲ್ಲ. ಅಳು ಬರುತ್ತಿತ್ತು, ಯಾಕೆಂದು ಗೊತ್ತಿಲ್ಲ. ಸಾಯಬೇಕು ಅನಿಸುತ್ತಿತ್ತು. ಅದನ್ನು ಅನಿಸಿಕೊಳ್ಳುವುದಕ್ಕೂ ಆಯಾಸ. ಕಿಟಿಕಿಯಿಂದ ಕಡವಿನ ದೋಣಿ ಆಚೆ ಹೋಗಿ ಈಚೆ ಬರುವುದು ಕಾಣುತ್ತಿತ್ತು. ಒಬ್ಬರು ಕೈ ಹಿಡಿದು ಅಲ್ಲಿಯವರೆಗೆ ನಡೆಸಿದರೆ ಸಾಕಿತ್ತು. ಆದರೆ ಕೈ ಹಿಡಿಯುವ ಇಬ್ಬರಿಗೂ ಅವಳು ಅಲ್ಲೇ ಮಲಗಿರುವುದು ಬೇಕಾಗಿತ್ತು.

ಬೀಫಾತಿಮ್ಮ ಒಮ್ಮೆ ಬಂದು ಅಂಗಳದಿಂದಲೇ ಹಿಂದಿರುಗಿದ್ದಳು. ಅಪ್ಪಿ ಒಳಗೆ ಬಿಟ್ಟಿರಲಿಲ್ಲ. ಎರಡನೇ ಸಲ ಬಂದಾಗ ಕೇಳಲೇ ಇಲ್ಲ, ನೇರ ಒಳಗೆ ನಡೆದಳು. ಚಾಪೆಯ ಮೇಲಿದ್ದ ದೇಹ ನೋಡಿ ಅವಳ ಮುಖ ಬಿಳಿಚಿಕೊಂಡಿತು.

“ಯಾ ಅಲ್ಲಾ, ಇದು ರಾಜೀವಿಯಾ? ಏಳು ಮಾರಾಯ್ತಿ. ಸ್ವಲ್ಪ ಹೊರಗೆ ಗಾಳಿಯಲ್ಲಿ ಕೂತುಕೋ.” ಅವಳು ರಾಜೀವಿಯ ಎಡಗೈ ಹಿಡಿದು ಮೆಲ್ಲಗೆ ಎತ್ತಿದಳು. ಕೂಸನ್ನು ಎಬ್ಬಿಸುವಷ್ಟೇ ಬಲ ಹಾಕಿದ್ದು. ಒಣಗಿದ ತೆಂಗಿನ ಗರಿ ಮುರಿದ ಹಾಗೆ ಶಬ್ದವಾಯಿತು. ಮೊಣಕೈಯ ಮೇಲೆ ತೋಳು ಬಾಗಬಾರದ ಕಡೆಗೆ ಬಾಗಿತು. ರಾಜೀವಿ ಕಿರುಚಿದಳು. ತಿಂಗಳುಗಳ ನಂತರ ಅವಳದೇ ಸ್ವರ ಹೊರಗೆ ಬಂತು.

“ನಾನು ಎಳೀಲಿಲ್ಲ! ದೇವರಾಣೆ, ನಾನು ಎಳೀಲೇ ಇಲ್ಲ!” ಬೀಫಾತಿಮ್ಮ ಕೂಗಿದಳು.

“ಅವನಿಗೆ ಸಿಟ್ಟು ಬಂದಿದೆ,” ಎಂದಳು ಅಪ್ಪಿ. “ಕರ್ಕೊಂಡು ಹೋಗ್ಲಿಕ್ಕೆ ನೋಡಿದ್ದಕ್ಕೆ.”

ಬೀಫಾತಿಮ್ಮ ಅಪ್ಪಿಯ ಕಡೆ ನೋಡಲಿಲ್ಲ. ಓಡಿ ಬಂದ ಕಿಟ್ಟುವಿಗೆ ಹೇಳಿದಳು: “ನೋಡು ಕಿಟ್ಟಣ್ಣ, ಒಳಗೆ ಯಾರಿದ್ದಾರೋ ನನಗೆ ಗೊತ್ತಿಲ್ಲ. ಎಲುಬು ಇವಳದ್ದು. ಮುರಿದ ಎಲುಬಿಗೆ ಆಸ್ಪತ್ರೆ. ದೋಣಿ ಹೊರಡುವ ಮೊದ್ಲು ಎತ್ತು ಇವಳನ್ನು.”

ಮುರಿದ ಕೈ ಕಿಟ್ಟುವಿನ ಕಣ್ಣೆದುರಿಗಿತ್ತು. ನಾಲ್ಕು ಜನ ಸೇರಿ ಅವಳನ್ನು ಚಾಪೆಯೊಂದಿಗೇ ದೋಣಿಗೆ ಇಳಿಸಿದರು.

ದೊಡ್ಡಾಸ್ಪತ್ರೆಯಲ್ಲಿ ಎಲುಬಿನ ವಿಭಾಗದ ಡಾಕ್ಟರ್ ರಾಫೆಲ್ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮುರಿದ ಕೈಯದ್ದು ಸಾಲದೆಂದು ಬೆರಳುಗಳದ್ದು, ತಲೆಯದ್ದು, ತೊಡೆಯದ್ದು ತೆಗೆಸಿದರು. ಆಮೇಲೆ ಸ್ಟೂಲು ಎಳೆದು ಹಾಸಿಗೆಯ ಪಕ್ಕ ಕೂತರು.

“ಬಾಯಾರಿಕೆ ತುಂಬ ಉಂಟಾ ಅಮ್ಮ ನಿಮಗೆ?”

ಎರಡು ವರ್ಷದಲ್ಲಿ ಅದನ್ನು ಅವಳನ್ನೇ ನೋಡಿ, ಅವಳದೇ ಎಂಬಂತೆ ಕೇಳಿದವರು ಅವರೊಬ್ಬರು. ರಾಜೀವಿ ತಲೆಯಾಡಿಸಿದಳು. ಹೊಟ್ಟೆಯ ಬಗ್ಗೆ, ಮೂತ್ರದ ಬಗ್ಗೆ, ಮರೆವಿನ ಬಗ್ಗೆ ಕೇಳಿದರು. ಪೇಟೆಯ ಡಾಕ್ಟರರು ಕೊಟ್ಟ ಸುಣ್ಣದ ಮಾತ್ರೆಗಳನ್ನು ನೋಡಿ ಅವತ್ತೇ ನಿಲ್ಲಿಸಿದರು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ಕೈಗೆ ಪಟ್ಟಿ ಕಟ್ಟಿ, ನರಕ್ಕೆ ಉಪ್ಪುನೀರಿನ ಬಾಟಲಿ ಏರಿಸಿದರು. ವರದಿ ಬಂದ ದಿನ ಕಿಟ್ಟುವನ್ನು ಕರೆದು ಕೂರಿಸಿ ಹೇಳಿದರು.

“ಇವರ ಎಲುಬಿನ ಸುಣ್ಣ ಕರಗಿ ಕರಗಿ ರಕ್ತಕ್ಕೆ ಸೇರ್ತಾ ಉಂಟು.”

“ಸುಣ್ಣ? ವೀಳ್ಯದೆಲೆಗೆ ಹಚ್ಚುವಂಥದ್ದಾ?”

“ಅದೇ ಜಾತಿಯದ್ದು ಅಂತ ಇಟ್ಕೊಳ್ಳಿ. ನಮ್ಮೆಲ್ಲರ ಕುತ್ತಿಗೆಯಲ್ಲಿ ಗೋಧಿಕಾಳಿನಷ್ಟು ಸಣ್ಣ ಗ್ರಂಥಿಗಳು ಉಂಟು. ರಕ್ತದಲ್ಲಿ ಸುಣ್ಣ ಎಷ್ಟಿರಬೇಕು ಅಂತ ನೋಡಿಕೊಳ್ಳುವುದು ಅವುಗಳ ಕೆಲಸ. ಇವರದ್ರಲ್ಲಿ ಒಂದು ಕೆಟ್ಟು ಬೆಳೆದಿದೆ. ಸಾಕು ಅನ್ನುವುದು ಅದಕ್ಕೆ ಗೊತ್ತಿಲ್ಲ. ಎಲುಬಿನಿಂದ ಎಳೀತಾನೇ ಉಂಟು. ರಕ್ತದಲ್ಲಿ ಸುಣ್ಣ ಹೆಚ್ಚಾದ್ರೆ ಮೂತ್ರಪಿಂಡಕ್ಕೆ ನೀರು ಹಿಡಿದಿಡ್ಲಿಕ್ಕೆ ಆಗುದಿಲ್ಲ, ಎಲ್ಲ ಹೊರಗೆ ಹೋಗ್ತದೆ. ಬಾಯಾರಿಕೆ ಅದಕ್ಕೇ. ಕರುಳು ಮಂದ ಆಗ್ತದೆ, ಮೈ ಸೋಲ್ತದೆ, ತಲೆಗೆ ಮಂಪರು ಹಿಡೀತದೆ. ಮಾತು ತಪ್ಪುದು, ಇಲ್ಲದ್ದು ಕಾಣುದು, ಎಲ್ಲ ಅದರಿಂದ. ಹಾಗೇ ಬಿಟ್ರೆ ಹೃದಯ ನಿಲ್ಲಬಹುದು. ಕುತ್ತಿಗೆ ಕೊಯ್ದು ಆ ಗ್ರಂಥಿ ತೆಗೀಬೇಕು.”

ಇನ್ನೊಂದು ಮಾತು ಸೇರಿಸಿದರು. “ಸ್ವರದ ನರ ಅಲ್ಲೇ ಹತ್ತಿರ ಹೋಗ್ತದೆ. ಜಾಗ್ರತೆ ಮಾಡ್ತೇವೆ. ಆದ್ರೂ ಸ್ವರ ಸ್ವಲ್ಪ ಬದಲಾಗಬಹುದು. ಮೊದ್ಲೇ ಹೇಳ್ತಾ ಇದ್ದೇನೆ.”

ವಾರ್ಡಿನ ಬಾಗಿಲಲ್ಲಿ ನಿಂತಿದ್ದ ಅಪ್ಪಿಗೆ ಕುತ್ತಿಗೆ ಕೊಯ್ಯುವ ಮಾತು, ಸ್ವರದ ಮಾತು ಇವೆರಡೇ ಕೇಳಿಸಿದವು. ಅವಳು ಒಳಗೆ ಬಂದು ಹಾಸಿಗೆಯ ಕಬ್ಬಿಣ ಹಿಡಿದು ನಿಂತಳು.

“ಬೇಡ. ಕುತ್ತಿಗೆ ಕೊಯ್ದರೆ ಅವನ ಸ್ವರ ಹೋಗ್ತದೆ. ಒಮ್ಮೆ ಕಡಲಿಗೆ ಕೊಟ್ಟಿದ್ದೇನೆ. ಇನ್ನೊಮ್ಮೆ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಡಾಕ್ಟರರಿಗೆ ಅರ್ಥವಾಗಲಿಲ್ಲ. ಕಿಟ್ಟುವಿಗೆ ಆಯಿತು. ಸಹಿಗಾಗಿ ಕೊಟ್ಟ ಕಾಗದ ಅವನ ಕೈಯಲ್ಲಿ ಹಾಗೇ ಇತ್ತು.

ಆ ಹೊತ್ತಿಗೆ ಬಾಟಲಿಗಳು ಏರಿ ಏರಿ ರಾಜೀವಿಯ ತಲೆ ಕೊಂಚ ತಿಳಿಯಾಗಿತ್ತು. ಪೂರ್ತಿಯಲ್ಲ. ಕದ ಅರ್ಧ ತೆರೆದ ಹಾಗೆ. ಈಗ ಮಾತಾಡದಿದ್ದರೆ ಅದು ಮತ್ತೆ ಮುಚ್ಚಿಕೊಳ್ಳುತ್ತದೆ ಎನ್ನುವುದು ಅವಳಿಗೆ ತಿಳಿದಿತ್ತು. ಸಂಜೆ ಅಪ್ಪಿ ಚಾ ತರಲು ಹೋದಾಗ ಕಿಟ್ಟು ಪಕ್ಕದಲ್ಲಿ ಕೂತು, ನೆಲ ನೋಡುತ್ತಾ ಕೇಳಿದ: “ರಾಜೀವಿ, ಆವತ್ತು ಹೇಳಿದ್ದು... ನಾನು ಬಿಡಲಿಲ್ಲ ಅಂತ. ಅದು ಹೇಳಿದ್ದು ಯಾರು? ಅವನಾ, ನೀನಾ?”

ಅವನೇ ಎಂದುಬಿಟ್ಟರೆ ಗಂಡ ಉಳಿಯುತ್ತಾನೆ. ತಾನು ಆ ಚಾಪೆಗೆ ಹಿಂದಿರುಗಬೇಕು.

“ನಾನು,” ಎಂದಳು. “ನೀರಿಗೋಸ್ಕರ ಹೆಸರು ಹೇಳಿದ್ದು. ಇನ್ನೊಂದು ಹೇಳಿದ್ದು ನಿಮ್ಮ ಮುಖ ನೋಡಿ.”

ಕಿಟ್ಟು ಅಂಗೈ ತೆರೆದು ಅದನ್ನೇ ನೋಡಿದ. “ನನಗೇ ಗೊತ್ತಿಲ್ಲ ರಾಜೀವಿ. ಬಿಟ್ಟದ್ದಾ, ಬಿಟ್ಟುಹೋದದ್ದಾ. ಎಷ್ಟು ಸಲ ನೆನೆದ್ರೂ ಗೊತ್ತಾಗುದಿಲ್ಲ.”

“ಗೊತ್ತಿಲ್ಲದಿದ್ರೂ ಬದುಕ್ಬೇಕಲ್ಲ,” ಎಂದಳು ಅವಳು. “ನನ್ನನ್ನಂತೂ ಬಿಡಬೇಡಿ.”

ಅವನು ಎದ್ದು ಹೋಗಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ.

ತಾಯಿಗೆ ಹೇಳುವುದು ಅಷ್ಟು ಸುಲಭವಾಗಲಿಲ್ಲ. ರಾಜೀವಿ ಅದೇ ಮಾತನ್ನು ಹೇಳಿದಳು. ಅಮ್ಮಾ, ಅದು ಅಣ್ಣ ಅಲ್ಲ, ನನಗೆ ಆಸರಾಗಿತ್ತು. ಅಪ್ಪಿ ಸಿಟ್ಟಾಗಲಿಲ್ಲ. ಮಗಳ ಹಣೆಯ ಕೂದಲು ಸರಿಪಡಿಸಿ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು: “ನಿನಗೆ ಹೇಗೆ ಗೊತ್ತಾಗ್ಬೇಕು ರಾಜೀ? ಅವ ಬಂದಾಗ ನೀನು ಅಲ್ಲಿ ಇರ್ಲಿಲ್ಲವಲ್ಲ.”

ಎಷ್ಟೋ ಸಂಜೆಗಳಲ್ಲಿ ತಾನು ಏನೇನು ಆಡಿದೆ ಎಂದು ರಾಜೀವಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ತಾನು ತಾನೇ ಆಗಿದ್ದೆ ಎಂದು ಸಾಬೀತು ಮಾಡಲು ಅವಳ ಬಳಿ ಏನೂ ಇರಲಿಲ್ಲ.

ಆಪರೇಷನ್ ಆಯಿತು. ಎಚ್ಚರವಾದಾಗ ಕುತ್ತಿಗೆಗೆ ಪಟ್ಟಿ ಇತ್ತು. ಗಂಟಲು ಉರಿಯುತ್ತಿತ್ತು. “ನರ್ಸಮ್ಮ” ಎಂದು ಕರೆದು ನೋಡಿದಳು. ಸ್ವರ ತಗ್ಗಿತ್ತು, ಆದರೆ ಇತ್ತು. ನರ್ಸ್ ಹೆಲನ್ ಬಂದು ತುಟಿಗೆ ಒದ್ದೆ ಹತ್ತಿ ಒತ್ತಿದಳು. ರಾಜೀವಿ ಆಗ ಗಮನಿಸಿದಳು. ತುಟಿ ಒಣಗಿತ್ತು, ಅಷ್ಟೇ. ಒಳಗಿನ ಆ ಬೇಗೆ ಇರಲಿಲ್ಲ.

ಆದರೆ ಎರಡು ದಿನ ಕಳೆಯುವಷ್ಟರಲ್ಲಿ ತುಟಿಯ ಸುತ್ತ ಇರುವೆ ಹರಿದಂತೆ ಜುಮುಜುಮು ಶುರುವಾಯಿತು. ಬೆರಳ ತುದಿಗಳಿಗೂ ಹಬ್ಬಿತು. ನೋಡುನೋಡುತ್ತಿದ್ದಂತೆ ಬಲಗೈಯ ಬೆರಳುಗಳೆಲ್ಲ ಒಂದಕ್ಕೊಂದು ಅಂಟಿ, ಮಣಿಕಟ್ಟು ಒಳಕ್ಕೆ ಮುರುಟಿ, ಬಿಡಿಸಲು ಬಾರದ ಹಾಗೆ ಬಿಗಿಯಾಯಿತು. ಅವಳು ಎಷ್ಟು ಪ್ರಯತ್ನಪಟ್ಟರೂ ಬೆರಳು ಕದಲಲಿಲ್ಲ. ತನ್ನ ಕೈಯೊಳಗೇ ಸಿಕ್ಕಿಬಿದ್ದ ಹಾಗೆ.

ಅಪ್ಪಿ ಎದ್ದು ನಿಂತಳು. ಅವಳ ಕಣ್ಣುಗಳು ಹೊಳೆಯುತ್ತಿದ್ದವು. “ಬಂದ. ನೋಡಿ, ಬಂದ! ಅವನನ್ನು ಓಡಿಸ್ಲಿಕ್ಕೆ ಆಗುದಿಲ್ಲ ಅಂತ ನಾನು ಹೇಳಿರ್ಲಿಲ್ವಾ?”

ರಾಜೀವಿಗೆ ಆದ ಭಯ ಹೇಳತೀರದು. ಹಾಗಾದರೆ ಇದಕ್ಕೆ ಕೊನೆಯೇ ಇಲ್ಲವೇ? ಒಂದು ಕ್ಷಣ, ಒಂದೇ ಕ್ಷಣ, ಅವಳೂ ನಂಬಿದಳು.

ಹೆಲನ್ ಓಡಿಹೋಗಿ ಡಾಕ್ಟರರನ್ನು ಕರೆತಂದಳು. ಅವರು ಗಾಬರಿಯಾಗಲಿಲ್ಲ. “ಇಷ್ಟು ದಿನ ಹೆಚ್ಚಾಗಿತ್ತು, ಈಗ ಕಡಿಮೆಯಾಗಿದೆ. ಹಸಿದ ಎಲುಬು ರಕ್ತದ ಸುಣ್ಣವನ್ನೆಲ್ಲ ವಾಪಸ್ ಎಳ್ಕೊಳ್ತಾ ಉಂಟು,” ಎನ್ನುತ್ತಾ ಸಿರಿಂಜಿನಲ್ಲಿ ಔಷಧಿ ತುಂಬಿ ಬಹಳ ನಿಧಾನಕ್ಕೆ ನರಕ್ಕೆ ಬಿಟ್ಟರು. ತೋಳಿನಿಂದ ಎದೆಗೆ, ಎದೆಯಿಂದ ಅಡಿಗಾಲಿನವರೆಗೆ ಬಿಸಿ ಹರಿಯಿತು. ಅಪ್ಪಿ ಬಗ್ಗಿ ನೋಡುತ್ತಿದ್ದಂತೆ ಮಗಳ ಹೆಬ್ಬೆರಳು ಸಡಿಲವಾಯಿತು. ಆಮೇಲೆ ಉಳಿದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಪ್ಪಿ ಆ ಅಂಗೈಯನ್ನು ನೋಡಿದಳು, ಖಾಲಿ ಸಿರಿಂಜನ್ನು ನೋಡಿದಳು. ಹೊರಗೆ ಹೋಗಿ ಜಗಲಿಯಲ್ಲಿ ಕೂತಳು.

ಮನೆಗೆ ಹೊರಡುವ ದಿನ ಅಪ್ಪಿಯೇ ಡಾಕ್ಟರರ ಕೋಣೆಗೆ ಹೋದಳು. ರಾಜೀವಿ ಕಿಟ್ಟುವಿನ ಭುಜ ಹಿಡಿದು ಹಿಂದೆ ನಿಂತಳು.

“ಡಾಕ್ಟ್ರೇ, ಕುತ್ತಿಗೆಯಿಂದ ತೆಗೆದದ್ದು ನಮಗೆ ಬೇಕು.”

“ಯಾಕಮ್ಮ?”

“ಮಣ್ಣು ಮಾಡ್ಲಿಕ್ಕೆ. ನನ್ನ ಮಗನ ಹೆಣ ಸಿಗ್ಲಿಲ್ಲ. ಇದಾದ್ರೂ ಸಿಕ್ಕಿತಲ್ಲ.”

ಡಾಕ್ಟರ್ ರಾಫೆಲ್ ಕಿಟ್ಟುವಿನ ಕಡೆ ನೋಡಿದರು, ರಾಜೀವಿಯ ಕಡೆ ನೋಡಿದರು. ನಗಲಿಲ್ಲ. ಬೈಯಲೂ ಇಲ್ಲ. “ಕೊಡ್ಲಿಕ್ಕೆ ಆಗುದಿಲ್ಲ. ಪರೀಕ್ಷೆಗೆ ಇಟ್ಟಿದ್ದೇವೆ. ನೋಡಬಹುದು,” ಎಂದು ಒಂದು ಗಾಜಿನ ಬಾಟಲಿ ತರಿಸಿ ಮೇಜಿನ ಮೇಲಿಟ್ಟರು.

ಅಪ್ಪಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿದಳು. ತಿಳಿನೀರಿನಂಥದ್ದರ ತಳದಲ್ಲಿ ಕಂದುಬಣ್ಣದ ಒಂದು ತುಣುಕು, ನೆನೆಸಿದ ಗೇರುಬೀಜದಷ್ಟಿತ್ತು. ಅವಳು ಬಾಟಲಿಯ ಸುತ್ತ ನಡೆದು ಎಲ್ಲ ಕಡೆಯಿಂದ ನೋಡಿದಳು. ಗಾಜಿಗೆ ಕಿವಿಯಿಟ್ಟು ಕೇಳಿದಳು.

“ಇಷ್ಟೇಯಾ?”

“ಇಷ್ಟೇ ಅಮ್ಮ.”

“ನನ್ನ ಮಗ ಬಾಗಿಲಲ್ಲಿ ತಲೆ ತಗ್ಗಿಸಿ ಬರುವವ,” ಎಂದಳು ಅಪ್ಪಿ ಮೆಲ್ಲಗೆ. “ಇದ್ರಲ್ಲಿ ಅವನಿಗೆ ಕಾಲು ಮಡಚ್ಲಿಕ್ಕೂ ಜಾಗ ಇಲ್ಲ.”

ಅವಳು ಬಾಟಲಿಯನ್ನು ಡಾಕ್ಟರರ ಕಡೆಗೆ ಸರಿಸಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು, ಎದೆ ಬಡಿದುಕೊಂಡು, ಮನೆಯಲ್ಲಿ ಸಾವಾದ ದಿನ ಅಳುವ ಹಾಗೆ ಅಳತೊಡಗಿದಳು. ಸುಂದರ ಕಡಲುಪಾಲಾದ ವರ್ಷ ಅವಳು ಹಾಗೆ ಅತ್ತಿರಲಿಲ್ಲ. ಕಿಟ್ಟು ಮುಂದೆ ಬಂದು, ಹಿಂಜರಿದು, ಕಡೆಗೆ ಅತ್ತೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. ಅವಳು ಅವನ ತೋಳು ಹಿಡಿದುಕೊಂಡೇ ಅತ್ತಳು.

ಹೆಣವಿಲ್ಲದೆ ಹೋದವರಿಗೆ ಮಾಡುವ ಕ್ರಮದಂತೆ ಆ ತಿಂಗಳೇ ಸುಂದರನ ಬೊಜ್ಜ, ಅಂದರೆ ಉತ್ತರಕ್ರಿಯೆ, ನಡೆಯಿತು. ಊರವರು ಬಂದು ಉಂಡು ಹೋದರು. ಆ ರಾತ್ರಿ ಅಪ್ಪಿ ಯಾರಿಗೂ ಕಾಯದೆ ಬೇಗ ಮಲಗಿದಳು.

ರಾಜೀವಿಯ ಕೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತು. ಮೂತ್ರಪಿಂಡದಲ್ಲಿ ಸುಣ್ಣಗಟ್ಟಿದ ಕಲ್ಲು ಉಳಿದಿತ್ತು. ಅದಕ್ಕಾಗಿ ವರ್ಷಕ್ಕೆ ಕೆಲವು ಸಲ ಆಸ್ಪತ್ರೆಗೆ ಹೋಗಬೇಕಾಗುತ್ತಿತ್ತು. ತಲೆಯ ಮೇಲೆ ಬುಟ್ಟಿ ಹೊರಬಾರದೆಂದು ಡಾಕ್ಟರರು ಕಟ್ಟುನಿಟ್ಟಾಗಿ ಹೇಳಿದ್ದರು. ಮುಂದಿನ ಮಳೆ ಕಳೆದ ಮೇಲೆ ಅವಳು ಬೀಫಾತಿಮ್ಮನ ಜೊತೆ ಒಣಮೀನಿನ ಪಾಲು ಹಿಡಿದು ಮಾರುಕಟ್ಟೆಯಲ್ಲಿ ಕೂತಳು. ಬೆಂಗ್ರೆಯಲ್ಲಿ ಕೆಲವರು ಅವಳನ್ನು ಕಂಡರೆ ಇನ್ನೂ ಮಾತು ತಗ್ಗಿಸುತ್ತಿದ್ದರು, ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಅದನ್ನು ಅವಳು ಬದಲಿಸಲು ಹೋಗಲಿಲ್ಲ.

ಒಂದು ಸಂಜೆ ಅಪ್ಪಿ ಮೀನು ಕೊಯ್ಯುತ್ತಾ, ತಲೆ ಎತ್ತದೆ ಕೇಳಿದಳು. “ಆಗ ನಾನು ನಿನಗೆ ನೀರು ಕೊಡ್ಲಿಲ್ಲ ಅಲ್ವಾ ರಾಜೀ? ಇಡೀ ದಿನ.”

“ಕೊಡ್ಲಿಲ್ಲ ಅಮ್ಮ,” ಎಂದಳು ರಾಜೀವಿ.

ಅಪ್ಪಿಯ ಕೈ ನಿಂತಿತು. ರಾಜೀವಿ ತಾಯಿಯ ಪಕ್ಕ ಕೂತು, ಸೊಟ್ಟ ಕೈಯಿಂದಲೇ ಇನ್ನೊಂದು ಮೀನು ಎತ್ತಿಕೊಂಡಳು. ಇಬ್ಬರೂ ಸೇರಿ ಉಳಿದದ್ದನ್ನು ಕೊಯ್ದು ಮುಗಿಸಿದರು.